ಆರ್ಡರ್ ಹಾಕುವಾಗಲೇ ಟಿಪ್ ಕೇಳ್ತಾರಲ್ಲ, ಕೊಡಬೇಕಾ?

ಮೂರನೇಮಹಡಿ ಕೇಳಿದ್ದು:

ಇದು ನಮ್ಮನೇಲಿ ಮುಗಿಯದ ವಾದ ಆಗಿಬಿಟ್ಟಿದೆ, ಅದಕ್ಕೆ ನಾಲ್ಕು ಜನರನ್ನ ಕೇಳೋಣ ಅಂತ.

ಆಪ್‌ನಲ್ಲಿ ಊಟ ಆರಿಸಿ ದುಡ್ಡು ಕಟ್ಟೋ ಪುಟಕ್ಕೆ ಬಂದ ತಕ್ಷಣ ಟಿಪ್ ಕೇಳುತ್ತೆ. ಮೂರು ಮೊತ್ತ ಸಾಲಾಗಿ ಇರ್ತವೆ, ನಡುವಿನದಕ್ಕೆ ‘ಹೆಚ್ಚಿನವರು ಕೊಡೋದು ಇಷ್ಟು’ ಅಂತ ಒಂದು ಚೀಟಿ ಬೇರೆ ಅಂಟಿಸಿರ್ತಾರೆ. ಅಡುಗೆ ಇನ್ನೂ ಶುರುನೇ ಆಗಿಲ್ಲ, ತರೋರು ಯಾರು ಅಂತ ಗೊತ್ತಿಲ್ಲ. ಯಾವ ಕೆಲಸ ಮೆಚ್ಚಿ ಟಿಪ್ ಕೊಡೋದು ಸ್ವಾಮಿ?

ನಮ್ಮೆಜಮಾನ್ರು ನಡುವಿನದನ್ನ ಒತ್ತಿ ಮುಂದೆ ಹೋಗ್ತಾರೆ, ತಲೆ ಕೆಡಿಸ್ಕೊಳ್ಳಲ್ಲ. ನಾನು ಅದನ್ನ ತೆಗೆದುಹಾಕ್ತೀನಿ. ತೆಗೆದುಹಾಕಿದ ದಿನವೇ ಬಾಗಿಲಲ್ಲಿ ಒಬ್ಬ ಏದುಸಿರು ಬಿಡ್ತಾ ನಿಂತಿರ್ತಾನೆ (ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ), ಆಗ ಮುಖ ಎಲ್ಲಿಟ್ಕೊಳ್ಳೋದು ಅನ್ಸುತ್ತೆ.

ನಿಜವಾಗ್ಲೂ ಆ ದುಡ್ಡು ಅವರ ಕೈ ಸೇರುತ್ತಾ? ಕೊಡೋದಾದ್ರೆ ಮೊದಲೇ ಕೊಡಬೇಕಾ, ಊಟ ಬಂದ ಮೇಲಾ? ಬಿಲ್ಲಿನ ಮೇಲೆ ಇಷ್ಟು ಪರ್ಸೆಂಟ್ ಅಂತ ಏನಾದ್ರೂ ಇದೆಯಾ? ಕೊಡ್ತಿರೋರು, ಕೊಡದೇ ಇರೋರು ಇಬ್ಬರೂ ಹೇಳಿ.

---

ಪೈಸಾಲೆಕ್ಕ:

ನಾನು ಕೊಡಲ್ಲ, ಮುಚ್ಚುಮರೆ ಏನಿಲ್ಲ. ಬಿಲ್ ತೆಗೆದು ನೋಡಿ. ಡೆಲಿವರಿ ಫೀ, ಪ್ಲಾಟ್‌ಫಾರ್ಮ್ ಫೀ, ಪ್ಯಾಕಿಂಗ್, ಮಳೆ ಬಂದ್ರೆ ಅದಕ್ಕೊಂದು ಫೀ. ಇಷ್ಟೆಲ್ಲ ಕಿತ್ಕೊಂಡ ಮೇಲೂ ತಂದುಕೊಟ್ಟವನ ಕೂಲಿ ನಾನೇ ಕೊಡಬೇಕು ಅಂದ್ರೆ ಕಂಪನಿ ಇರೋದು ಯಾತಕ್ಕೆ? ನಾವು ಕೊಡ್ತಾ ಹೋದಷ್ಟೂ ಅವರು ಸಂಬಳ ಏರಿಸಲ್ಲ.

---

ಹಳೇಹೆಲ್ಮೆಟ್:

ಈ ಕೆಲಸ ಮಾಡಿ ಬಿಟ್ಟವನು ನಾನು. ಸ್ವಲ್ಪ ಉದ್ದ ಬರೀತೀನಿ, ಸೈರಿಸ್ಕೊಳ್ಳಿ.

ಪೈಸಾಲೆಕ್ಕ ಅವರು ಹೇಳಿದ ಫೀಗಳಿಂದ ಶುರು ಮಾಡೋಣ. ನೀವು ಕಟ್ಟೋ ಡೆಲಿವರಿ ಫೀ ಹೋಗೋದು ಕಂಪನಿ ಖಾತೆಗೆ. ರೈಡರ್‌ಗೆ ಸಿಗೋದರ ಲೆಕ್ಕವೇ ಬೇರೆ. ಇಷ್ಟು ದೂರಕ್ಕೆ ಇಷ್ಟು, ರಶ್ ಇದ್ರೆ ಒಂಚೂರು ಮೇಲೆ, ಟಾರ್ಗೆಟ್ ಮುಟ್ಟಿದ್ರೆ ಇನ್ಸೆಂಟಿವ್. ನೀವು ‘ಫ್ರೀ ಡೆಲಿವರಿ’ ತಗೊಂಡಾಗಲೂ ಅವನಿಗೆ ಏನೋ ಬರುತ್ತೆ, ನೀವು ದುಪ್ಪಟ್ಟು ಫೀ ಕಟ್ಟಿದ ದಿನ ಅವನಿಗೂ ದುಪ್ಪಟ್ಟು ಬಂತು ಅಂತೇನಿಲ್ಲ. ಪೆಟ್ರೋಲು, ಟೈರು, ಪಂಕ್ಚರು, ಮೊಬೈಲ್ ಡೇಟಾ, ಎಲ್ಲಾ ಅವನ ಜೇಬಿಂದ.

ಜನರಿಗೆ ಕಾಣದೇ ಇರೋದು ಕಾಯೋ ಹೊತ್ತು. ಹೋಟೆಲ್ ಕೌಂಟರ್ ಮುಂದೆ ಹೋಗಿ ಆರ್ಡರ್ ನಂಬರ್‌ನ ಕೊನೇ ನಾಲ್ಕಂಕಿ ಹೇಳ್ತೀವಿ. ‘ಇನ್ನೈದು ನಿಮಿಷ’ ಅಂತಾರೆ, ಯಾವ ಹೋಟೆಲಾದ್ರೂ ಐದೇ ನಿಮಿಷ! ಒಳಗೆ ಕುರ್ಚಿ ಇರುತ್ತೆ, ನಮಗಲ್ಲ. ಇತ್ತ ಗಿರಾಕಿಯ ಫೋನಿನಲ್ಲಿ ನಮ್ಮ ಬೈಕಿನ ಚಿತ್ರ ನಿಂತಲ್ಲೇ ನಿಂತಿರುತ್ತೆ, ‘ಎಲ್ರೀ ಇದೀರ, ಟೀ ಕುಡೀತಾ ಕೂತಿದೀರಾ’ ಅಂತ ಕಾಲ್ ಬರುತ್ತೆ. ನಾನು ಓಡಿಸ್ತಿದ್ದ ಆಪ್‌ನಲ್ಲಿ ಆ ಕಾಯೋದಕ್ಕೆ ಸಿಗ್ತಿದ್ದದ್ದು ಬಿಡಿಗಾಸು. ಅಡುಗೆ ತಡ ಮಾಡಿದ್ದು ಹೋಟೆಲ್ಲು, ಸ್ಟಾರ್ ಕಳಕೊಂಡವನು ನಾನು.

ಇನ್ನೊಂದು, ಎರಡು ಆರ್ಡರ್ ಒಟ್ಟಿಗೆ ಕಟ್ಟಿಬಿಡ್ತಾರೆ. ನಿಮ್ಮ ಮನೆ ಹತ್ರ ಬಂದವನು ಎಡಕ್ಕೆ ತಿರುಗಿ ಎಲ್ಲೋ ಹೋದ ಅಂತ ಸಿಟ್ಟಾಗ್ತೀರಲ್ಲ, ಅವನು ಮೊದಲನೇ ಪೊಟ್ಟಣ ಕೊಡೋಕೆ ಹೋಗಿರ್ತಾನೆ. ಆ ಕ್ರಮ ನಿರ್ಧಾರ ಮಾಡೋದು ಆಪು. ಕೊಟ್ಟು ವಾಪಸ್ ಬರೋ ದಾರಿಗೂ ದುಡ್ಡಿಲ್ಲ. ಹಾಗಾಗಿ ಊರಾಚೆ ಡ್ರಾಪ್ ಅಂದ್ರೆ ಎಲ್ಲರಿಗೂ ಸಂಕಟ.

ಈಗ ನಿಮ್ಮ ಪ್ರಶ್ನೆ. ನನ್ನ ಕೇಳಿದ್ರೆ ಕೊಡಿ, ಆದ್ರೆ ಊಟ ಕೈಗೆ ಬಂದ ಮೇಲೆ ಕೊಡಿ. ಮೊದಲೇ ಕೇಳೋ ಟಿಪ್ ಮೇಲೆ ನನಗೆ ಮೊದಲಿಂದಲೂ ಅನುಮಾನ. ಕೆಲವು ಆಪ್‌ಗಳಲ್ಲಿ ಆ ಟಿಪ್ಪನ್ನೂ ಕೂಡಿಸಿಯೇ ರೈಡರ್‌ಗೆ ಮೊತ್ತ ತೋರಿಸ್ತಾರೆ. ಒಪ್ಕೊಳ್ಳೋಕೆ ಕೆಲವು ಸೆಕೆಂಡು, ಅಷ್ಟರಲ್ಲಿ ಕಣ್ಣು ಹೋಗೋದು ದೂರಕ್ಕೆ ಮತ್ತು ದುಡ್ಡಿಗೆ. ಟಿಪ್ ಇದ್ದದ್ದು ಬೇಗ ಹೋಗುತ್ತೆ. ಇಲ್ಲದ್ದನ್ನ ಒಬ್ಬ ಬಿಡ್ತಾನೆ, ಇನ್ನೊಬ್ಬ ಬಿಡ್ತಾನೆ, ಊಟ ಕೌಂಟರ್ ಮೇಲೇ ಆರುತ್ತೆ. ಅಂದ್ರೆ ಅದು ಹರಾಜಿನಲ್ಲಿ ನೀವು ಕೂಗೋ ಬೆಲೆ. ಕಂಪನಿ ಕಮ್ಮಿ ಕೊಟ್ಟ ಆರ್ಡರನ್ನ ನಿಮ್ಮ ದುಡ್ಡಿಂದ ಸಾಗಿಸ್ತಿದಾರೆ. ಮೆಚ್ಚಿಗೆ ಮಾತು ಅಲ್ಲೆಲ್ಲೂ ಇಲ್ಲ.

ಪರ್ಸೆಂಟ್ ಲೆಕ್ಕ ಪೂರಾ ಸುಳ್ಳು. ದುಬಾರಿ ಹೋಟೆಲಿನ ಪುಟ್ಟ ಡಬ್ಬಿ ಬ್ಯಾಗಿನ ಮೂಲೇಲಿ ಕೂರುತ್ತೆ. ಅಗ್ಗದ ಊಟ ಏಳೆಂಟು ಜನಕ್ಕೆ ತರಿಸಿದ್ರೆ ಹ್ಯಾಂಡಲ್‌ಗೂ ನೇತುಹಾಕ್ಕೊಂಡು ಬರಬೇಕು. ಬಿಲ್ ನೋಡಬೇಡಿ. ದೂರ, ಮಳೆ, ಅಪರಾತ್ರಿ, ಭಾರ, ಮೆಟ್ಟಿಲು ನೋಡಿ. ನೀವು ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂತೀರಿ. ಕೊಡಬೇಕಾದ ಆರ್ಡರ್ ಅಂದ್ರೆ ಅದೇ.

---

ಕಾನೂನುಹುಳ:

‘ಆ ದುಡ್ಡು ಅವರ ಕೈ ಸೇರುತ್ತಾ’ ಎಂಬ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಇದು ಸರ್ಕಾರದ ವಕೀಲರವರೆಗೆ ಹೋದ ವಿಷಯ.

ಅಲ್ಲಿನ ಊಟ ತಲುಪಿಸುವ ಆಪ್ ಡೋರ್‌ಡ್ಯಾಶ್ 2017ರಿಂದ 2019ರವರೆಗೆ ಒಂದು ಪದ್ಧತಿ ಇಟ್ಟುಕೊಂಡಿತ್ತು. ಪ್ರತಿ ಆರ್ಡರ್‌ಗೂ ಡ್ರೈವರ್‌ಗೆ ಇಂತಿಷ್ಟು ಗ್ಯಾರಂಟಿ. 10 ಡಾಲರ್ ಎಂದಿಟ್ಟುಕೊಳ್ಳಿ. ಗಿರಾಕಿ 3 ಡಾಲರ್ ಟಿಪ್ ಕೊಟ್ಟರೆ ಕಂಪನಿ 7 ಹಾಕಿ ಹತ್ತು ಮಾಡುತ್ತಿತ್ತು. ಗಿರಾಕಿ ಏನೂ ಕೊಡದಿದ್ದರೆ ಹತ್ತನ್ನೂ ಕಂಪನಿಯೇ ಹಾಕಬೇಕಿತ್ತು. ಡ್ರೈವರ್‌ಗೆ ಎರಡೂ ಒಂದೇ, ಟಿಪ್‌ನಿಂದ ಉಳಿತಾಯವಾದದ್ದು ಕಂಪನಿಗೆ. 2019ರಲ್ಲಿ ಪತ್ರಿಕೆಗಳು ಎತ್ತಿ ಆಡಿದ ಮೇಲೆ ಅದನ್ನು ಬಿಟ್ಟರು. ಮುಂದೆ 2025ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಜೊತೆಗಿನ ಒಪ್ಪಂದದಲ್ಲಿ 1.675 ಕೋಟಿ ಡಾಲರ್ ಕೊಡಲು ಒಪ್ಪಿದರು.

ಸ್ವಂತ ಗಾಡಿಯಲ್ಲಿ ಅಮೆಜಾನ್ ಸಾಮಾನು ತಲುಪಿಸುವವರ ಅಮೆಜಾನ್ ಫ್ಲೆಕ್ಸ್‌ನದೂ ಇಂಥದ್ದೇ. ಟಿಪ್ ಪೂರ್ತಿ ನಿಮ್ಮದೇ ಎಂದು ಡ್ರೈವರ್‌ಗಳಿಗೆ ಹೇಳಿ, ಅದರಲ್ಲಿ ಒಂದು ಭಾಗವನ್ನು ಅವರ ಕೂಲಿಗೇ ವಜಾ ಹಾಕಿಕೊಂಡರು ಎಂದು ಅಲ್ಲಿನ ಗ್ರಾಹಕ ರಕ್ಷಣೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. 2021ರಲ್ಲಿ 6.17 ಕೋಟಿ ಡಾಲರ್‌ಗೆ ರಾಜಿಯಾಯಿತು.

ಹಳೇಹೆಲ್ಮೆಟ್ ಹೇಳಿದ ಹರಾಜಿನ ಮಾತಿಗೂ ಸಾಕ್ಷಿ ಇದೆ. 2023ರಲ್ಲಿ ಡೋರ್‌ಡ್ಯಾಶ್, ಟಿಪ್ ಹಾಕದ ಆರ್ಡರ್ ತಲುಪಲು ತಡವಾಗಬಹುದು ಎಂದು ಆಪ್‌ನಲ್ಲೇ ಎಚ್ಚರಿಕೆ ತೋರಿಸಿತ್ತು. ಇದರ ಉಲ್ಟಾ ಆಟವೂ ಉಂಟು. 2020ರ ಕೋವಿಡ್ ಸಮಯದಲ್ಲಿ ದಿನಸಿ ತಲುಪಿಸುವ ಇನ್‌ಸ್ಟಾಕಾರ್ಟ್‌ನಲ್ಲಿ ಕೆಲವು ಗಿರಾಕಿಗಳು ದೊಡ್ಡ ಟಿಪ್ ತೋರಿಸಿ, ಸಾಮಾನು ಕೈಗೆ ಬಂದ ಮೇಲೆ ಸೊನ್ನೆ ಮಾಡುತ್ತಿದ್ದರು. ಟಿಪ್ ಬದಲಿಸಲು ಇದ್ದ ಮೂರು ದಿನದ ಅವಧಿಯನ್ನು ಕಂಪನಿ ಆ ವರ್ಷವೇ 24 ಗಂಟೆಗೆ ಇಳಿಸಿತು.

ಆದರೆ ‘ಆಮೇಲೆ ಕೊಡಿ’ ಎಂಬುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ 2023ರ ಕೊನೆಗೆ ಆಪ್ ಡೆಲಿವರಿಯವರಿಗೆ ಗಂಟೆಗೆ 17.96 ಡಾಲರ್ ಕನಿಷ್ಠ ಕೂಲಿ ಜಾರಿಗೆ ಬಂತು, ಟಿಪ್ ಬಿಟ್ಟು. ಕೂಡಲೇ ದೊಡ್ಡ ಆಪ್‌ಗಳು ಟಿಪ್ ಕೇಳುವ ಗುಂಡಿಯನ್ನು ದುಡ್ಡು ಕಟ್ಟಿದ ನಂತರಕ್ಕೆ ತಳ್ಳಿದವು. ಕೆಲಸಗಾರರ ಟಿಪ್ ಬಿದ್ದುಹೋಯಿತು. ಊಟ ಮುಂದೆ ಬಂದ ಮೇಲೆ ಆಪ್ ತೆರೆಯುವವರು ಎಷ್ಟು ಜನ? 2025ರಲ್ಲಿ ನಗರ ಸಭೆಯೇ, ಆರ್ಡರ್ ಹಾಕುವಾಗಲೇ ಟಿಪ್ ಕೊಡುವ ಅವಕಾಶ ಇರಬೇಕು ಎಂದು ಕಾನೂನು ಮಾಡಿತು.

---

ಹಳೇಹೆಲ್ಮೆಟ್:

ಕಾನೂನುಹುಳ ಅವರೇ, ಒಳ್ಳೇ ಪಟ್ಟು ಹಾಕಿದ್ರಿ. ಆದ್ರೆ ನೀವು ಹೇಳಿದ ಊರಿನಲ್ಲಿ ಕೆಳಗೊಂದು ನೆಲ ಹಾಕಿದಾರೆ, ನೋಡಿ. ಗಂಟೆಗೆ ಇಷ್ಟು ಅಂತ ಬಂದೇ ಬರುತ್ತೆ ಅಂದಮೇಲೆ ಟಿಪ್ ಮೊದಲು ಬಂದ್ರೂ ಅದು ಕೂಲಿಯ ಜಾಗಕ್ಕೆ ಕೈ ಹಾಕಲ್ಲ. ಆರ್ಡರ್ ಬಿಟ್ಟು ಆರ್ಡರ್ ಹಿಡಿಯೋ ಜಗ್ಗಾಟವೂ ಕಮ್ಮಿಯಾಗುತ್ತೆ. ನಾನು ಅಂದದ್ದು ನೆಲವೇ ಇಲ್ಲದ ಕಡೆಗೆ.

ಅಂದಹಾಗೆ ಆ ಗಂಟೆ ಲೆಕ್ಕದಲ್ಲಿ ಆರ್ಡರ್‌ಗೆ ಅಂತ ಕಾದು ಕೂತ ಹೊತ್ತೂ ಸೇರುತ್ತಾ?

---

ಕಾನೂನುಹುಳ:

ನ್ಯೂಯಾರ್ಕ್ ನಗರದಲ್ಲಿ ಸೇರುತ್ತದೆ, ಲೆಕ್ಕ ಹಾಕುವಾಗ ಲಾಗಿನ್ ಆಗಿ ಕಾಯುವ ಸಮಯವನ್ನೂ ಹಿಡಿದಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಅಲ್ಲಿ 2020ರಲ್ಲಿ ಜನಮತದಿಂದ ಗೆದ್ದ ಪ್ರೊಪೊಸಿಷನ್ 22 ಎಂಬ ಕಾನೂನಿನ ಪ್ರಕಾರ ಕನಿಷ್ಠ ವೇತನದ ಶೇ. 120ರಷ್ಟು ಖಾತರಿ, ಟಿಪ್ ಅದರ ಹೊರಗೆ. ಆದರೆ ಎಣಿಸುವುದು ಆರ್ಡರ್ ಒಪ್ಪಿಕೊಂಡ ಕ್ಷಣದಿಂದ ತಲುಪಿಸುವವರೆಗಿನ ಸಮಯವನ್ನು ಮಾತ್ರ.

---

ಹಳೇಹೆಲ್ಮೆಟ್:

ಅಲ್ಲೇ ಇದೆ ನೋಡಿ ಕರಾಮತ್ತು. ಆರ್ಡರ್ ಒಪ್ಪಿದ ಮೇಲೆ ಯಾರೂ ಸುಮ್ನೆ ಕೂರಲ್ಲ. ಮಧ್ಯಾಹ್ನದ ಊಟದ ರಶ್ ಮುಗಿದು ಸಂಜೆ ಶುರುವಾಗೋವರೆಗೆ ಬೈಕಿನ ಮೇಲೆ ಕೂತು ಫೋನ್ ನೋಡ್ತಿರ್ತೀವಲ್ಲ, ಖಾಲಿ ಹೋಗೋದು ಆ ಹೊತ್ತು.

---

ನಗುಮೊಗ:

ದುಡ್ಡೇ ಯಾಕೆ? ನಾನು ಒಂದು ಲೋಟ ನೀರು ಕೊಡ್ತೀನಿ, ಥ್ಯಾಂಕ್ಸ್ ಹೇಳ್ತೀನಿ, ಐದು ಸ್ಟಾರ್ ಹಾಕ್ತೀನಿ. ಮನುಷ್ಯರಿಗೆ ಬೇಕಾಗಿರೋದು ಗೌರವ.

---

ಹಳೇಹೆಲ್ಮೆಟ್:

ನೀರು ಕೊಟ್ಟೋರನ್ನ ಮರೆಯಲ್ಲ ಮೇಡಂ, ಬಿಸಿಲಲ್ಲಿ ಅದರ ಬೆಲೆ ಗೊತ್ತು. ಕಿವಿಗೆ ಫೋನ್ ಒತ್ತಿಕೊಂಡು, ಬಾಗಿಲು ಒಂದು ಗೇಣು ತೆಗೆದು, ಮುಖ ಆ ಕಡೆ ಇಟ್ಕೊಂಡೇ ಕೈ ಮಾತ್ರ ಹೊರಗೆ ಚಾಚೋರು ತುಂಬಾ ಜನ. ಅವರ ಮುಂದೆ ನೀವು ದೇವರು. ಆದ್ರೆ ಪೆಟ್ರೋಲ್ ಬಂಕಿನವನು ಸ್ಟಾರ್ ತಗೊಳ್ಳಲ್ಲ. ಎರಡೂ ಮಾಡಿ, ಒಂದರ ಬದಲಿಗೆ ಇನ್ನೊಂದು ಅನ್ಕೋಬೇಡಿ.

---

ಪೈಸಾಲೆಕ್ಕ:

ಸರಿ, ಫೀ ರೈಡರ್‌ಗೆ ಹೋಗಲ್ಲ ಅಂತ ಗೊತ್ತಿರ್ಲಿಲ್ಲ. ಆದ್ರೂ ನನ್ನ ಮಾತು ಬದಲಾಗಲ್ಲ. ಕಾನೂನುಹುಳ ಕೊಟ್ಟ ಲೆಕ್ಕವೇ ನನ್ನ ಕಡೆಗಿದೆ, ಟಿಪ್ ಕೊಟ್ಟವರು ಕಂಪನಿ ಜೇಬು ತುಂಬಿಸಿದ್ರು.

---

ಹಳೇಹೆಲ್ಮೆಟ್:

ಆ ವಿಷಯದಲ್ಲಿ ನಿಮ್ಮ ಜೊತೆ ಜಗಳ ಇಲ್ಲ. ಅದಕ್ಕೇ ನಾನು ಕೈಗೆ ಕೊಡಿ ಅನ್ನೋದು. ನೋಟು ಕೈಯಿಂದ ಕೈಗೆ ಹೋದ್ರೆ ಅದನ್ನ ಯಾವ ಗ್ಯಾರಂಟಿಗೂ ವಜಾ ಹಾಕೋಕೆ ಬರಲ್ಲ, ಕಂಪನಿಗೆ ಅದು ಗೊತ್ತೂ ಆಗಲ್ಲ. ಆಪ್‌ನಲ್ಲಿ ಕೊಟ್ಟದ್ದು ಪೇಔಟ್ ಜೊತೆ ಬರೋದು ವಾರಕ್ಕೊಮ್ಮೆ ಇರಬಹುದು, ಕೈಗೆ ಬಂದದ್ದು ಆವತ್ತೇ ಟ್ಯಾಂಕಿಗೆ ಹೋಗುತ್ತೆ.

ಕ್ಯಾಶ್ ಆನ್ ಡೆಲಿವರಿ ಇದ್ರೆ ಇನ್ನೂ ಸುಲಭ. ‘ಚಿಲ್ಲರೆ ಇಟ್ಕೊಳ್ಳಿ’ ಅಂದ್ರಾಯ್ತು. ಬೆಲ್ಟಿನ ಪೌಚ್ ತೆಗೆದು ಹೆಲ್ಮೆಟ್ ಕಂಕುಳಲ್ಲಿ ಸಿಕ್ಕಿಸ್ಕೊಂಡು ನಾಣ್ಯ ಹುಡುಕೋ ಕೆಲಸವೂ ತಪ್ಪುತ್ತೆ.

---

ಮೂರನೇಮಹಡಿ:

ಇಷ್ಟೊಂದು ಬರುತ್ತೆ ಅನ್ಕೊಂಡಿರ್ಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಎಜಮಾನ್ರಿಗೆ ಓದಿಸಿದೆ, ‘ನಾನು ಹೇಳಿದ್ದೂ ಅದೇ’ ಅಂದ್ರು. ಅವರು ಹೇಳಿದ್ದು ಅದಲ್ಲ, ಇರ್ಲಿ.

ಮೊದಲೇ ಕೇಳೋದನ್ನ ಸೊನ್ನೆ ಮಾಡಿ, ಬಾಗಿಲ ಹತ್ರ ಚಿಲ್ಲರೆ ನೋಟಿನ ಡಬ್ಬಿ ಇಡೋಣ ಅಂತ ಮಾತಾಯ್ತು. ಆದ್ರೆ ಮೀಟಿಂಗ್‌ನಲ್ಲಿದ್ದಾಗ ‘ಬಾಗಿಲ ಹತ್ರ ಇಟ್ಟು ಹೋಗಿ’ ಅಂತ ಹಾಕ್ತೀನಲ್ಲ, ಆಗೇನು ಮಾಡೋದು? ನೋಟು ಹೊರಗೆ ಇಟ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ.

---

ಹಳೇಹೆಲ್ಮೆಟ್:

ಆ ದಿನ ಆಪ್‌ನಲ್ಲೇ ಹಾಕಿ, ಊಟ ಬಂದ ಮೇಲೆ. ತುಂಬಾ ಆಪ್‌ಗಳಲ್ಲಿ ರೇಟಿಂಗ್ ಕೇಳೋ ಪುಟದಲ್ಲೇ ಟಿಪ್ ಇರುತ್ತೆ. ಊಟ ಮುಗಿದ ಮೇಲೆ ನೋಡೋಣ ಅಂತ ಬಿಟ್ರೆ ಮರೀತೀರಿ, ಕಾನೂನುಹುಳ ಹೇಳಿದ್ದು ನಿಜ. ಪೊಟ್ಟಣದ ಫೋಟೋ ಬಂದ ತಕ್ಷಣ ಹಾಕಿಬಿಡಿ. ಟಿಪ್ ಗುಂಡಿ ಕೆಳಗೆ ಸಣ್ಣ ಅಕ್ಷರದಲ್ಲಿ ಪೂರ್ತಿ ಮೊತ್ತ ಅವರಿಗೇ ಹೋಗುತ್ತೆ ಅಂತ ಬರೆದಿದೆಯಾ ಅಂತಲೂ ಒಮ್ಮೆ ನೋಡಿ. ಇಲ್ಲದಿದ್ರೆ ಮುಂದಿನ ಸಲ ಬಂದವರನ್ನೇ ಕೇಳಿ, ಸಂಕೋಚ ಇಲ್ಲದೆ ಹೇಳ್ತಾರೆ.

ಸೊನ್ನೆ ಮಾಡಿದ ದಿನ ರಶ್ ಇದ್ರೆ ನಿಮ್ಮ ಆರ್ಡರ್ ಸ್ವಲ್ಪ ತಡ ಆದೀತು, ಅದಕ್ಕೆ ತಯಾರಿರಿ.

ಮತ್ತೆ ಒಂದು ವಿನಂತಿ, ಟಿಪ್‌ಗೆ ಸಂಬಂಧ ಇಲ್ಲ. ಮ್ಯಾಪ್‌ನಲ್ಲಿ ನಿಮ್ಮ ಪಿನ್ ಎಲ್ಲಿದೆ ಅಂತ ನೋಡ್ಕೊಳ್ಳಿ. ತುಂಬಾ ಮನೆಗಳ ಪಿನ್ ಹಿಂಬದಿ ಕಾಂಪೌಂಡ್ ಗೋಡೆ ಮೇಲಿರುತ್ತೆ, ಗೇಟು ಇರೋದು ಆ ಕಡೆ ರಸ್ತೇಲಿ. ಮೂರು ಮಹಡಿ ಹತ್ತೋದು ಕಷ್ಟ ಅಲ್ಲ, ಗೋಡೆ ಸುತ್ತಾಕಿ ಬಂದು ಹತ್ತೋದು ಕಷ್ಟ.

---

ಮೂರನೇಮಹಡಿ:

ಈಗಷ್ಟೇ ನೋಡಿದೆ. ನಮ್ಮ ಪಿನ್ ಪಕ್ಕದ ಕಟ್ಟಡದ ಜನರೇಟರ್ ರೂಮಿನ ಮೇಲಿದೆ! ಸರಿ ಮಾಡಿದೆ. ಗೇಟಿನ ಬಣ್ಣ, ಲಿಫ್ಟ್ ಇಲ್ಲ ಅನ್ನೋದು ಎರಡನ್ನೂ ವಿಳಾಸದ ಕೆಳಗೆ ಸೇರಿಸಿದೀನಿ.

---

ಪೈಸಾಲೆಕ್ಕ:

ಲಿಫ್ಟ್ ಇಲ್ಲ ಅಂತ ಮೊದಲೇ ಬರೆದ್ರೆ ಯಾರು ಒಪ್ಕೋತಾರ್ರೀ ಆರ್ಡರು?

---

ಹಳೇಹೆಲ್ಮೆಟ್:

ನನಗೆ ಆ ಸೂಚನೆ ಕಾಣ್ತಿದ್ದದ್ದು ಒಪ್ಪಿದ ಮೇಲೇನೇ, ಚಿಂತೆ ಬೇಡ. ಬರೆದಿದ್ರೆ ಬ್ಯಾಗ್ ಬೈಕ್ ಮೇಲೇ ಬಿಟ್ಟು ಪೊಟ್ಟಣ ಮಾತ್ರ ಹಿಡ್ಕೊಂಡು ಹತ್ತಬಹುದು.