ತವರು ಪಂದ್ಯದ ಟಿಕೆಟ್ ಮತ್ತು ದೂರದ ಅಭಿಮಾನಿ: ಬಳಗದ ಪ್ರಶ್ನೋತ್ತರ

ನಿರ್ವಾಹಕರು (ಮಡಿಕೇರಿ): ಇಂಗ್ಲೆಂಡಿನ ಫುಟ್ಬಾಲ್ ಕ್ರೀಡಾಂಗಣವೊಂದರ ಟಿಕೆಟ್ ಕಚೇರಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ, ಈಗ ಕುಶಾಲನಗರದಲ್ಲಿ ನೆಲೆಸಿರುವ ನಮ್ಮ ಸದಸ್ಯೆಯೊಬ್ಬರು ಇಂದು ಸಂಜೆ ತವರು ಪಂದ್ಯಗಳ ಟಿಕೆಟ್ ಕುರಿತ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಮೇಲಿನ ಉತ್ತರಗಳನ್ನು ಓದಿದ ನಂತರವೇ ನಿಮ್ಮ ಪ್ರಶ್ನೆಯನ್ನು ಬರೆಯಬೇಕೆಂದು ವಿನಂತಿ.

ವಿರಾಜಪೇಟೆ ಸದಸ್ಯ: ನಮಸ್ಕಾರ ಮೇಡಂ. ನಾನೂ ನನ್ನ ತಮ್ಮನೂ ಆರ್ಸೆನಲ್ ಅಭಿಮಾನಿಗಳು. ರೊಬಸ್ಟಾ ಕೊಯ್ಲು ಮುಗಿಸಿಕೊಂಡು ಮಾರ್ಚ್ ಕೊನೆಯ ವಾರ ಲಂಡನ್ನಿಗೆ ಹೋಗಿ ಎಮಿರೇಟ್ಸ್ ಮೈದಾನದಲ್ಲಿ ಒಂದು ಪಂದ್ಯ ನೋಡಬೇಕೆಂದಿದ್ದೇವೆ. ಟಿಕೆಟ್‌ಗಳು ಸಾರ್ವಜನಿಕ ಮಾರಾಟಕ್ಕೆ ಯಾವಾಗ ಬರುತ್ತವೆ?

ಸಲಹೆಗಾರ್ತಿ: ನಮಸ್ಕಾರ. ಲೀಗ್ ಪಂದ್ಯಗಳ ಟಿಕೆಟ್ ಸಾರ್ವಜನಿಕ ಮಾರಾಟಕ್ಕೆ ಬರುವುದಿಲ್ಲವೆಂದೇ ತಿಳಿದುಕೊಂಡು ಯೋಜನೆ ಮಾಡಿ. ಆ ಮೈದಾನದಲ್ಲಿ 60,000ಕ್ಕೂ ಹೆಚ್ಚು ಆಸನಗಳಿದ್ದರೂ ಬಹುಪಾಲು ಸೀಸನ್ ಟಿಕೆಟ್, ಅಂದರೆ ಇಡೀ ಋತುವಿನ ತವರು ಪಂದ್ಯಗಳಿಗೆ ಒಟ್ಟಿಗೆ ಕೊಂಡ ಟಿಕೆಟ್, ಉಳ್ಳವರ ಕೈಯಲ್ಲಿವೆ. ಉಳಿದವು ಬ್ಯಾಲೆಟ್‌ನಲ್ಲಿ, ಅಂದರೆ ಚೀಟಿ ಎತ್ತುವ ಕ್ರಮದಲ್ಲಿ, ಸದಸ್ಯರಿಗೆ ಹೋಗುತ್ತವೆ. ನೀವಿಬ್ಬರೂ ನಿಮ್ಮ ನಿಮ್ಮ ಹೆಸರಿನಲ್ಲಿ ಪ್ರತ್ಯೇಕವಾಗಿ ಸದಸ್ಯತ್ವ ಪಡೆಯಬೇಕು. ಬ್ಯಾಲೆಟ್‌ನಲ್ಲಿ ಹೆಸರು ಬಾರದಿದ್ದರೆ, ಸೀಸನ್ ಟಿಕೆಟ್‌ನವರು ಬಿಟ್ಟುಕೊಡುವ ಆಸನಗಳನ್ನು ಕ್ಲಬ್ಬೇ ಮರುಮಾರಾಟಕ್ಕೆ ಇಡುತ್ತದೆ. ಪಂದ್ಯದ ವಾರದಲ್ಲಿ ಆ ಪುಟವನ್ನು ದಿನಕ್ಕೆ ಹಲವು ಬಾರಿ ನೋಡುತ್ತಿರಿ.

ನೀವು ಕೇಳದೇ ಇರುವ ಇನ್ನೊಂದು ಮಾತನ್ನು ಹೇಳಲೇಬೇಕು. ಮಾರ್ಚ್ ಕೊನೆಯ ವಾರ ಸಾಮಾನ್ಯವಾಗಿ ರಾಷ್ಟ್ರೀಯ ತಂಡಗಳ ಪಂದ್ಯಗಳಿಗೆ ಮೀಸಲಾಗಿರುವುದರಿಂದ ಆಗ ಪ್ರೀಮಿಯರ್ ಲೀಗ್ ಆಟವೇ ಇರುವುದಿಲ್ಲ. ಏಪ್ರಿಲ್‌ಗೆ ಮುಂದೂಡಿ. ಜೂನ್ ತಿಂಗಳಲ್ಲಿ ಪ್ರಕಟವಾಗುವ ವೇಳಾಪಟ್ಟಿಯ ದಿನಾಂಕವನ್ನು ನಂಬಿ ವಿಮಾನದ ಟಿಕೆಟ್ ಮಾಡಿಸಬೇಡಿ; ಅಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆ ಎಂದು ಕಾಣುವ ಪಂದ್ಯವು ಟಿವಿ ಪ್ರಸಾರಕ್ಕಾಗಿ ಶುಕ್ರವಾರ ರಾತ್ರಿಗೋ ಸೋಮವಾರ ರಾತ್ರಿಗೋ ಹೋಗಬಹುದು.

ಗೋಣಿಕೊಪ್ಪ ಸದಸ್ಯ: ಪಂದ್ಯದ ದಿನ ನೇರವಾಗಿ ಮೈದಾನಕ್ಕೆ ಹೋದರೆ ಗೇಟಿನ ಬಳಿ ಟಿಕೆಟ್ ಸಿಗುತ್ತದೆಯೇ ಮೇಡಂ?

ಸಲಹೆಗಾರ್ತಿ: ದೊಡ್ಡ ಕ್ಲಬ್‌ಗಳ ಲೀಗ್ ಪಂದ್ಯಕ್ಕೆ ಸಿಗುವುದಿಲ್ಲ. ಗೇಟಿನ ಬಳಿ ಕೂಗಿ ಮಾರುವವರಿಂದ ಕೊಳ್ಳಬೇಡಿ.

ಸೋಮವಾರಪೇಟೆ ಸದಸ್ಯ: ಎಲ್ಲರಿಗೂ ಉಪಯೋಗವಾಗಲೆಂದು ಹಂಚುತ್ತಿದ್ದೇನೆ, ಇನ್ನೊಂದು ಗುಂಪಿನಲ್ಲಿ ಬಂದದ್ದು: "ಮಾರಾಟ ಆರಂಭವಾಗುವ ಮೂರು ಗಂಟೆ ಮೊದಲೇ ಪುಟ ತೆರೆಯಿರಿ. ಹತ್ತು ಟ್ಯಾಬ್ ಇಟ್ಟುಕೊಳ್ಳಿ. ವಿಪಿಎನ್ ಹಾಕಿ ಲಂಡನ್ ಎಂದು ತೋರಿಸಿ. ಪ್ರತಿ ಹತ್ತು ಸೆಕೆಂಡಿಗೆ ರಿಫ್ರೆಶ್ ಮಾಡಿ. ಖಚಿತವಾಗಿ ಟಿಕೆಟ್ ಸಿಗುತ್ತದೆ."

ಸಲಹೆಗಾರ್ತಿ: ಈ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಆನ್‌ಲೈನ್ ಸರತಿಯಲ್ಲಿ ಮಾರಾಟಕ್ಕೆ ಮುನ್ನ ಬಂದು ಕಾಯುವವರಿಗೆಲ್ಲ ಸಾಮಾನ್ಯವಾಗಿ ಮಾರಾಟದ ಹೊತ್ತಿಗೆ ಯಾದೃಚ್ಛಿಕವಾಗಿ ಕ್ರಮಾಂಕ ನೀಡಲಾಗುತ್ತದೆ. ಮೂರು ಗಂಟೆ ಮೊದಲು ಬಂದವರಿಗೂ ಹತ್ತು ನಿಮಿಷ ಮೊದಲು ಬಂದವರಿಗೂ ವ್ಯತ್ಯಾಸವಿಲ್ಲ. ಒಂದೇ ಖಾತೆಯಿಂದ ಹತ್ತು ಟ್ಯಾಬ್ ತೆರೆದು, ವಿಪಿಎನ್ ಹಾಕಿ, ಪದೇ ಪದೇ ರಿಫ್ರೆಶ್ ಮಾಡಿದರೆ ಟಿಕೆಟ್ ಕಬಳಿಸುವ ಯಂತ್ರವೆಂದು ಭಾವಿಸಿ ವ್ಯವಸ್ಥೆಯು ನಿಮ್ಮನ್ನು ಹೊರಗೆ ಹಾಕುತ್ತದೆ. ಒಂದು ಸಾಧನ, ಒಂದು ಟ್ಯಾಬ್, ಮೊದಲೇ ಲಾಗಿನ್ ಆಗಿರುವ ಖಾತೆ, ಇಷ್ಟು ಸಾಕು.

ನಾಪೋಕ್ಲು ಸದಸ್ಯ: ಮೇಡಂ, ಇದನ್ನು ಎಲ್ಲರ ಮುಂದೆ ಬರೆಯಲು ಸಂಕೋಚವಾಗುತ್ತಿದೆ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಏಳನೆಯ ತರಗತಿಯಿಂದಲೂ ಅವನಿಗೆ ಲಿವರ್‌ಪೂಲ್ ಎಂದರೆ ಪ್ರಾಣ. ವೀಸಾ ಬಂದಿದೆ, ವಿಮಾನದ ಟಿಕೆಟ್ ಆಗಿದೆ, ಆನ್‌ಫೀಲ್ಡ್‌ನ ಪಂದ್ಯಕ್ಕೆ ಇನ್ನು ಹನ್ನೊಂದು ದಿನ. ಇನ್‌ಸ್ಟಾಗ್ರಾಮ್‌ನಲ್ಲಿ ಪರಿಚಯವಾದ ಒಬ್ಬನಿಗೆ ಎರಡು ಟಿಕೆಟ್‌ಗೆಂದು ಮೊನ್ನೆ ರಾತ್ರಿ 62,000 ರೂಪಾಯಿ ಯುಪಿಐ ಮಾಡಿ, ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಿದ್ದಾನೆ. ಆ ವ್ಯಕ್ತಿ ಈಗ ಮರಳಿ ಕೊಡುವ ಠೇವಣಿ ಎಂದು ಮತ್ತೆ 18,000 ಕೇಳುತ್ತಿದ್ದಾನೆ. ಇಂದು ರಾತ್ರಿ ಹತ್ತರೊಳಗೆ ಕಟ್ಟದಿದ್ದರೆ ಟಿಕೆಟ್ ಬೇರೆಯವರಿಗೆ ಹೋಗುತ್ತದೆಯಂತೆ. ಅವನು ಕಳಿಸಿದ ಟಿಕೆಟ್‌ನ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿದ್ದೇನೆ. ಕಟ್ಟುವುದೋ ಬಿಡುವುದೋ ತಿಳಿಸಿ.

ಸಲಹೆಗಾರ್ತಿ: ಕಟ್ಟಬೇಡಿ. ಮಿಕ್ಕಿದ್ದನ್ನು ಓದುವ ಮೊದಲು ಹುಡುಗನಿಗೆ ಕರೆ ಮಾಡಿ. ಅವನು ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಲಿ, ಯುಪಿಐ ವಹಿವಾಟಿನ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಳ್ಳಲಿ, ಅದಾದ ಕೂಡಲೇ ತನ್ನ ಬ್ಯಾಂಕಿಗೂ ತಿಳಿಸಲಿ. ಇಂಥ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುತ್ತದೆ. ಎಲ್ಲಾದರೂ ನಿಂತಿದ್ದರೆ ಮಾತ್ರ ತಡೆಹಿಡಿಯಲು ಸಾಧ್ಯ. ಎರಡು ರಾತ್ರಿ ಕಳೆದಿದೆ, ಇನ್ನೊಂದು ರಾತ್ರಿ ಕಳೆಯುವುದು ಬೇಡ.

ಈಗ ಆ ಸ್ಕ್ರೀನ್‌ಶಾಟ್ ಬಗ್ಗೆ. ಅದನ್ನು ದೊಡ್ಡದು ಮಾಡಿ ನೋಡಿದೆ. ಸ್ಟ್ಯಾಂಡ್, ಸಾಲು, ಆಸನ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಆದರೆ ಅದರಲ್ಲಿ ಶನಿವಾರ 15:00 ಎಂದು ಬರೆದಿದೆ. ನಿಮ್ಮ ಹುಡುಗ ಹೋಗುವ ಪಂದ್ಯವನ್ನು ಟಿವಿ ಪ್ರಸಾರಕ್ಕಾಗಿ ಭಾನುವಾರ 16:30ಕ್ಕೆ ಬದಲಾಯಿಸಿ ವಾರಗಳೇ ಕಳೆದಿವೆ. ಕಳೆದ ವಾರ ಕೈಗೆ ಬಂತು ಎಂದು ಅವನು ಹೇಳುವ ಟಿಕೆಟ್‌ನಲ್ಲಿ ಹಳೆಯ ದಿನ ಇರಲು ಕಾರಣವೇ ಇಲ್ಲ. ಹಳೆಯ ವೇಳಾಪಟ್ಟಿಯನ್ನು ನೋಡಿಕೊಂಡು ಯಾರೋ ಕುಳಿತು ಮಾಡಿದ ಚಿತ್ರವದು. ಒಂಬತ್ತು ವರ್ಷ ಕೌಂಟರಿನ ಹಿಂದೆ ಕುಳಿತ ನನಗೆ ಇಂಥ ಕಾಗದ ಹಿಡಿದು ನಿಂತವರ ಮುಖಗಳು ಇನ್ನೂ ಕಣ್ಣ ಮುಂದಿವೆ; ಅವರಲ್ಲಿ ಹೆಚ್ಚಿನವರು ಬಹು ದೂರದಿಂದ ಬಂದವರೇ ಆಗಿರುತ್ತಿದ್ದರು, ಏಕೆಂದರೆ ವಂಚಕ ಹುಡುಕುವುದೇ ಹಿಂದಿರುಗಿ ಬಂದು ಕೇಳಲಾರದವರನ್ನು.

ಟಿಕೆಟ್ ನಿಜವೇ ಆಗಿದ್ದರೂ ಸ್ಕ್ರೀನ್‌ಶಾಟ್‌ನಿಂದ ಆನ್‌ಫೀಲ್ಡ್‌ನ ಗೇಟು ತೆರೆಯುವುದಿಲ್ಲ. ಅಲ್ಲಿನ ಟಿಕೆಟ್ ಫೋನಿನ ವಾಲೆಟ್‌ನೊಳಗೆ ಕೂರುವ ಎನ್‌ಎಫ್‌ಸಿ ಪಾಸ್. ಫೋನನ್ನು ಗೇಟಿನ ಯಂತ್ರಕ್ಕೆ ಹಿಡಿದಾಗ ಓದುವುದು ಆ ಪಾಸನ್ನೇ ಹೊರತು ಪರದೆಯ ಮೇಲಿನ ಚಿತ್ರವನ್ನಲ್ಲ. ಬೇರೆ ಸದಸ್ಯನ ಲಾಗಿನ್ ಬಾಡಿಗೆಗೆ ಕೊಡುತ್ತೇನೆ ಎನ್ನುವವರೂ ಇದ್ದಾರೆ. ಕ್ಲಬ್ಬಿಗೆ ಗೊತ್ತಾದರೆ ಆ ಸದಸ್ಯತ್ವವೂ ಹೋಗುತ್ತದೆ, ಟಿಕೆಟ್ಟೂ ರದ್ದಾಗುತ್ತದೆ. ಇಂಗ್ಲೆಂಡಿನಲ್ಲಿ ಫುಟ್ಬಾಲ್ ಟಿಕೆಟ್‌ಗಳನ್ನು ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರ ಕ್ರಿಮಿನಲ್ ನ್ಯಾಯ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅಪರಾಧ. ಆ ಸೆಕ್ಷನ್ ಹಿಡಿಯುವುದು ಮಾರುವವನನ್ನು. ಆದರೂ ಹೊರಗೆ ನಿಲ್ಲಬೇಕಾಗುವುದು ಕೊಂಡವನೇ.

ಪಾಸ್‌ಪೋರ್ಟ್ ಪ್ರತಿ ಕಳಿಸಿದ್ದನ್ನೂ ದೂರಿನಲ್ಲಿ ಬರೆಸಿ. ಅವನ ಹೆಸರಿನಲ್ಲಿ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂದು ಮುಂದಿನ ಕೆಲವು ತಿಂಗಳು ಸಿಬಿಲ್ ವರದಿಯಲ್ಲಿ ನೋಡುತ್ತಿರಲಿ. ಹುಡುಗನನ್ನು ಬೈಯಬೇಡಿ.

ಸಿದ್ದಾಪುರ ಸದಸ್ಯ: ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯಕ್ಕಾದರೂ ಗೇಟಿನಲ್ಲಿ ಟಿಕೆಟ್ ಕೊಡುತ್ತಾರೆಯೇ?

ಸಲಹೆಗಾರ್ತಿ: ಇಲ್ಲ. ಗೋಣಿಕೊಪ್ಪದವರಿಗೆ ಕೊಟ್ಟ ಉತ್ತರ ನೋಡಿ.

ಸುಂಟಿಕೊಪ್ಪ ಸದಸ್ಯ: ಅಕ್ಕ, ನಮ್ಮದು ಹತ್ತಿರದ ಪ್ರಶ್ನೆ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಪಂದ್ಯಕ್ಕೆ ನಾವು ಎಂಟು ಮಂದಿ ಬ್ಲಾಸ್ಟರ್ಸ್ ಅಭಿಮಾನಿಗಳು ಹೊರಟಿದ್ದೇವೆ. ಹೊರಗಿನ ತಂಡದ ವಿಭಾಗದಲ್ಲಿ ಟಿಕೆಟ್ ಮುಗಿದರೆ ತವರು ಸ್ಟ್ಯಾಂಡಿನಲ್ಲಿ ಕೊಂಡು ಹಳದಿ ಅಂಗಿಯಲ್ಲಿ ಕೂರಬಹುದೇ? ರಾತ್ರಿ ಊರಿಗೆ ಮರಳುವುದು ಹೇಗೆ?

ಸಲಹೆಗಾರ್ತಿ: ಕೂರಬೇಡಿ. ಭದ್ರತಾ ಸಿಬ್ಬಂದಿ ಎಬ್ಬಿಸಿ ಹೊರಗೆ ಕಳಿಸಿದರೆ ಹಣ ವಾಪಸ್ ಬರುವುದಿಲ್ಲ. ವೆಸ್ಟ್ ಬ್ಲಾಕ್‌ನ ಹತ್ತಿರಕ್ಕಂತೂ ಬೇಡವೇ ಬೇಡ. ಅದು ಬೆಂಗಳೂರು ತಂಡದ ಅತ್ಯಂತ ನಿಷ್ಠಾವಂತ ಅಭಿಮಾನಿಗಳ ಜಾಗ. ನಮ್ಮ ಜಿಲ್ಲೆಗೆ ರೈಲಿಲ್ಲ ಎಂಬುದನ್ನು ಮರೆಯದೆ ಬಸ್ಸನ್ನು ಮೊದಲೇ ಕಾಯ್ದಿರಿಸಿ. ಏಳೂವರೆಯ ಪಂದ್ಯ ಮುಗಿಯುವಾಗ ಒಂಬತ್ತೂವರೆ ಆಗುತ್ತದೆ. ಕಬ್ಬನ್ ಪಾರ್ಕ್ ನಿಲ್ದಾಣದಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು ಮೈಸೂರು ರಸ್ತೆಯ ಕಡೆ ಹೋಗಿ, ಸ್ಯಾಟಲೈಟ್ ನಿಲ್ದಾಣದಿಂದ ಹನ್ನೊಂದರ ನಂತರ ಹೊರಡುವ ಬಸ್ಸಿಗೇ ಸೀಟು ಮಾಡಿಸಿ.

ಕುಶಾಲನಗರ ಸದಸ್ಯ: ಕರ್ನಾಟಕದಲ್ಲಿ ಹುಟ್ಟಿ ಬೆಳೆದು ಬೆಂಗಳೂರಿನ ತಂಡದ ವಿರುದ್ಧ ಕೂಗಲು ಅಷ್ಟು ದೂರ ಹೋಗುವುದು ಯಾಕೆ ಎಂದು ನನಗೆ ಅರ್ಥವಾಗುವುದಿಲ್ಲ.

ಸುಂಟಿಕೊಪ್ಪ ಸದಸ್ಯ: ನಮ್ಮ ತಾಯಿಯ ಮನೆ ಕಣ್ಣೂರಿನಲ್ಲಿದೆ ಅಣ್ಣ. ವಿರಾಜಪೇಟೆಯಿಂದ ಮಾಕುಟ್ಟ ಇಳಿದರೆ ಕೇರಳವೇ ಅಲ್ಲವೇ? ಯಾವ ತಂಡವನ್ನು ಪ್ರೀತಿಸಬೇಕು ಎಂಬುದನ್ನು ಚೆಕ್‌ಪೋಸ್ಟ್ ತೀರ್ಮಾನಿಸುವುದಿಲ್ಲ.

ಕುಶಾಲನಗರ ಸದಸ್ಯ: ಕಣ್ಣೂರು ಹತ್ತಿರವಿರಬಹುದು, ನಿಮ್ಮ ತಂಡ ಆಡುವುದು ಕೊಚ್ಚಿಯಲ್ಲಿ. ಅದು ಇಲ್ಲಿಂದ ಬೆಂಗಳೂರಿಗಿಂತ ದೂರ. 2023ರ ಮಾರ್ಚ್ 3ರಂದು ಇದೇ ಕಂಠೀರವದಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದಾಗ ಆಟ ಬಿಟ್ಟು ಹೊರನಡೆದ ತಂಡ ಅದು ಎಂಬುದನ್ನೂ ನೆನಪಿಡಿ.

ಸುಂಟಿಕೊಪ್ಪ ಸದಸ್ಯ: ಚೆಂಡು ತಡೆಯಲು ನಮ್ಮ ಆಟಗಾರರು ಗೋಡೆಯಂತೆ ಸಾಲಾಗಿ ನಿಲ್ಲುವ ಮೊದಲೇ ಹೊಡೆದ ಗೋಲು ಅದು. ಇಡೀ ಪಂದ್ಯವನ್ನು ನಾನು ಅಲ್ಲೇ ಕುಳಿತು ನೋಡಿದ್ದೇನೆ, ನೀವು ಟಿವಿಯಲ್ಲಿ ನೋಡಿ ಮಾತನಾಡುತ್ತಿದ್ದೀರಿ.

ಪೊನ್ನಂಪೇಟೆ ಸದಸ್ಯ: ಹಾಕಿಯ ನೆಲದಲ್ಲಿ ಹುಟ್ಟಿದವರು ಹೀಗೆ ಫುಟ್ಬಾಲ್‌ಗಾಗಿ ಜಗಳವಾಡುವುದನ್ನು ನೋಡಿ ಬೇಸರವಾಗುತ್ತದೆ. 1997ರಲ್ಲಿ ಕರಡದಲ್ಲಿ ಆರಂಭವಾದ ಕೌಟುಂಬಿಕ ಹಾಕಿ ಹಬ್ಬವನ್ನು ನೋಡಲು ನಿಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೀರಿ?

ಸುಂಟಿಕೊಪ್ಪ ಸದಸ್ಯ: ನಾನು ಪ್ರತಿವರ್ಷ ಹೋಗುತ್ತೇನೆ. ಇಲ್ಲಿ ಅದರ ಪ್ರಶ್ನೆ ಯಾಕೆ ಬಂತು?

ನಿರ್ವಾಹಕರು: ಟಿಕೆಟ್ ವಿಷಯ ಬಿಟ್ಟು ಬೇರೆ ಬರೆಯಬೇಡಿ. ಎರಡನೆಯ ಬಾರಿ ಹೇಳುವುದಿಲ್ಲ.

ಶನಿವಾರಸಂತೆ ಸದಸ್ಯೆ: ಮೂರು ವರ್ಷದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರೂ ಪ್ರತ್ಯೇಕ ಟಿಕೆಟ್ ಬೇಕೇ ಮೇಡಂ?

ಚೆಟ್ಟಳ್ಳಿ ಸದಸ್ಯ: ಮೇಡಂ, ನಮ್ಮ ತೋಟದ ಮನೆಯಲ್ಲಿ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ಕಳೆದ ಬಾರಿ ಎರಡು ಆಸನ ಬುಟ್ಟಿಗೆ ಬಂದಿದ್ದವು; ಒಟಿಪಿಗಾಗಿ ಫೋನ್ ಹಿಡಿದು ಕಣಕ್ಕೆ ಓಡಿ ವಾಪಸ್ ಬರುವಷ್ಟರಲ್ಲಿ ಸಮಯ ಮುಗಿದು ಎರಡೂ ಹೋದವು. ಅದಕ್ಕೂ ಮೊದಲು, ಏಪ್ರಿಲ್‌ನಲ್ಲಿ, ಮಧ್ಯಾಹ್ನ ಮೂರೂವರೆಗೆ ಮಾರಾಟವೆಂದು ಕುಳಿತರೆ ಅದು ಆರಂಭವಾಗಿ ಒಂದು ಗಂಟೆಯಾಗಿತ್ತು. ನಮ್ಮಂಥವರು ಆಸೆಯನ್ನೇ ಬಿಡಬೇಕೇ?

ಸಲಹೆಗಾರ್ತಿ: ಬಿಡಬೇಡಿ. ಈ ಎರಡು ತೊಂದರೆಗಳಿಗೂ ಪರಿಹಾರವಿದೆ. ಗಡಿಯಾರದ ವಿಷಯ ಮೊದಲು: ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೂ ಇಡುತ್ತಾರೆ. ಅಲ್ಲಿ ಬೆಳಿಗ್ಗೆ ಹತ್ತು ಗಂಟೆ ಎಂದರೆ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ ಮೂರೂವರೆ, ಬೇಸಿಗೆಯಲ್ಲಿ ಎರಡೂವರೆ. ನೀವು ಏಪ್ರಿಲ್‌ನಲ್ಲೂ ಚಳಿಗಾಲದ ಲೆಕ್ಕವನ್ನೇ ಹಿಡಿದಿರಿ.

ಒಟಿಪಿ ವಿಷಯದಲ್ಲಿ, ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲೇ ಪಾವತಿಯನ್ನು ಒಪ್ಪುವ ಸೌಲಭ್ಯವಿದೆಯೇ ಎಂದು ಕೇಳಿ. ಇದ್ದರೆ ಎಸ್‌ಎಂಎಸ್‌ಗೆ ಕಾಯಬೇಕಿಲ್ಲ. ಇಲ್ಲವಾದರೆ ಆ ಒಂದು ಮಧ್ಯಾಹ್ನ ಮಡಿಕೇರಿಯಲ್ಲಿ ನೆಂಟರ ಮನೆಯಲ್ಲಿ ಕುಳಿತುಕೊಳ್ಳಿ. ನಮ್ಮ ಕಾರ್ಡುಗಳಲ್ಲಿ ವಿದೇಶಿ ವಹಿವಾಟನ್ನು ನಾವೇ ಚಾಲೂ ಮಾಡಿಕೊಳ್ಳಬೇಕು; 2020ರಲ್ಲಿ ರಿಸರ್ವ್ ಬ್ಯಾಂಕ್ ಈ ನಿಯಮ ತಂದ ಮೇಲೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ಇದನ್ನು ಮಾರಾಟದ ಹಿಂದಿನ ದಿನವೇ ನೋಡಿಕೊಳ್ಳಿ. ಎಲ್ಲಕ್ಕಿಂತ ಒಳ್ಳೆಯದೆಂದರೆ ಬ್ಯಾಲೆಟ್ ಇರುವ ಕ್ಲಬ್ಬಿನ ನೋಂದಣಿ. ಅದಕ್ಕೆ ವೇಗ ಬೇಡ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋದರೂ, ಗಡುವಿನೊಳಗೆ ಯಾವಾಗ ಹೆಸರು ಬರೆಸಿದರೂ ಎಲ್ಲರಿಗೂ ಸಮಾನ ಅವಕಾಶ.

ಪಾಲಿಬೆಟ್ಟ ಸದಸ್ಯ: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಇಂಗ್ಲೆಂಡಿನ ಆ ಊರುಗಳ ಕಾರ್ಮಿಕರು ಅಜ್ಜನ ಕಾಲದಿಂದ ನೋಡಿಕೊಂಡು ಬಂದ ಆಟವದು. ನಾವು ವರ್ಷಕ್ಕೊಮ್ಮೆ ಹೋಗಿ ಅವರ ಆಸನ ಕಿತ್ತುಕೊಳ್ಳುವುದು ಸರಿಯೇ?

ವಿರಾಜಪೇಟೆ ಸದಸ್ಯ: ಇಪ್ಪತ್ತು ವರ್ಷ ರಾತ್ರಿ ಒಂದೂವರೆಗೆ ಎದ್ದು ಕುಳಿತು ನೋಡಿದ್ದೇನೆ. ನಮ್ಮ ಚಂದಾ ಹಣ, ಅಂಗಿಯ ಹಣ ಬೇಕು, ನಾವು ಮಾತ್ರ ಬೇಡವೇ?

ಪಾಲಿಬೆಟ್ಟ ಸದಸ್ಯ: ಹಣ ಕೊಟ್ಟರೆ ಹಕ್ಕು ಬರುತ್ತದೆ ಎಂಬ ಮಾತು ನಮ್ಮ ಹೋಂಸ್ಟೇಗಳಿಗೆ ಬರುವ ಪ್ರವಾಸಿಗರೂ ಹೇಳುತ್ತಾರೆ. ಅವರು ಹೇಳಿದಾಗ ನಿಮಗೆ ಹೇಗನಿಸುತ್ತದೆ?

ವಿರಾಜಪೇಟೆ ಸದಸ್ಯ: ನಾನು ಪ್ರವಾಸಿಯಲ್ಲ. ಈ ಹೋಲಿಕೆ ಅವಮಾನ.

ಸಲಹೆಗಾರ್ತಿ: ಒಂದು ಮಾತು ಹೇಳುತ್ತೇನೆ, ಮುಂದುವರಿಸಬೇಡಿ. ಹೆಚ್ಚು ಪಂದ್ಯಗಳಿಗೆ ಬಂದವರಿಗೆ ಮೊದಲ ಅವಕಾಶ ಕೊಡುವ ನಿಯಮಗಳಿರುವುದು ಸ್ಥಳೀಯರನ್ನು ಕಾಪಾಡಲಿಕ್ಕೆ, ಅದು ಸರಿಯಾದದ್ದೇ. ನಿಮ್ಮ ಸ್ವಂತ ಹೆಸರಿನಲ್ಲಿ, ಕ್ಲಬ್ಬಿನ ಬಾಗಿಲಿನಿಂದಲೇ ಸಿಕ್ಕಿದ ಆಸನ ಯಾರಿಂದಲೂ ಕಿತ್ತುಕೊಂಡದ್ದಲ್ಲ. ದಲ್ಲಾಳಿಯಿಂದ ಕೊಂಡರೆ ಅದು ಖಂಡಿತ ಕಿತ್ತುಕೊಂಡದ್ದು.

ಸೋಮವಾರಪೇಟೆ ಸದಸ್ಯ: ಇದೂ ಈಗ ಬಂತು: "ಬ್ರಿಟನ್ ಮೈದಾನಗಳಲ್ಲಿ ವಿದೇಶಿಯರಿಗೆ ಮೀಸಲು ಟಿಕೆಟ್ ಇರುತ್ತದೆ. ಪಂದ್ಯದ ಬೆಳಿಗ್ಗೆ ಪಾಸ್‌ಪೋರ್ಟ್ ತೋರಿಸಿ ಕೇಳಿ." ನಿಜವೇ?

ಸಲಹೆಗಾರ್ತಿ: ಸುಳ್ಳು. ಹಿಂದಿನದ್ದನ್ನು ಅಳಿಸದೆ ಇನ್ನೊಂದನ್ನು ಹಾಕಿದ್ದೀರಿ. ಈ ಮಾತನ್ನು ನಂಬಿ ಕುಟುಂಬ ಸಮೇತ ಚಳಿಯಲ್ಲಿ ನಿಂತವರಿಗೆ ಇಲ್ಲ ಎಂದು ಹೇಳಬೇಕಾಗುತ್ತಿದ್ದವಳು ನಾನು. ಎರಡನ್ನೂ ಈಗಲೇ ಅಳಿಸಿ.

ಸೋಮವಾರಪೇಟೆ ಸದಸ್ಯ: ಒಳ್ಳೆಯದಾಗಲಿ ಎಂದು ಹಾಕಿದೆ. ಇಷ್ಟು ಕಟುವಾಗಿ ಹೇಳಬೇಕಿರಲಿಲ್ಲ.

ಭಾಗಮಂಡಲ ಸದಸ್ಯ: ಗೇಟಿನಲ್ಲಿ ಟಿಕೆಟ್ ಸಿಗುತ್ತದೆಯೇ ಎಂದು ಯಾರಾದರೂ ತಿಳಿಸಿ. ಬಾರ್ಸಿಲೋನಾದಲ್ಲಿ ಹೇಗೆ?

ನಾಪೋಕ್ಲು ಸದಸ್ಯ: ಮೇಡಂ, ಹುಡುಗ 1930ಕ್ಕೆ ಕರೆ ಮಾಡಿದ, ದೂರಿನ ಸಂಖ್ಯೆ ಬಂದಿದೆ. ಠೇವಣಿ ಕೊಡುವುದಿಲ್ಲ ಎಂದ ಕೂಡಲೇ ಆ ವ್ಯಕ್ತಿ ಇವನನ್ನು ಬ್ಲಾಕ್ ಮಾಡಿದ್ದಾನೆ. ಹುಡುಗ ಅಳುತ್ತಿದ್ದಾನೆ, ಪ್ರಯಾಣವನ್ನೇ ರದ್ದು ಮಾಡುತ್ತೇನೆ ಎನ್ನುತ್ತಿದ್ದಾನೆ.

ಸಲಹೆಗಾರ್ತಿ: ರದ್ದು ಮಾಡುವುದು ಬೇಡ. ನಾಳೆ ಬ್ಯಾಂಕ್ ತೆರೆದ ಕೂಡಲೇ ದೂರಿನ ಸಂಖ್ಯೆಯೊಂದಿಗೆ ಶಾಖೆಗೆ ಹೋಗಿ ಲಿಖಿತವಾಗಿ ಕೊಡಲಿ. ಅದೇ ಪಂದ್ಯಕ್ಕೆ ಕ್ಲಬ್ಬಿನ ಸ್ವಂತ ಪುಟದಲ್ಲಿ ಊಟ ಸಹಿತ ಹಾಸ್ಪಿಟಾಲಿಟಿ ಟಿಕೆಟ್ ಉಳಿದಿದೆಯೇ ನೋಡಲಿ. ಬೆಲೆ ಬಹಳ ಹೆಚ್ಚು, ಆದರೆ ಗೇಟಿನಲ್ಲಿ ತೊಂದರೆಯಾಗುವುದಿಲ್ಲ. ಅದು ಆಗದಿದ್ದರೆ ಬೇರೊಂದು ದಿನ ಆನ್‌ಫೀಲ್ಡ್‌ನ ಒಳಗನ್ನು ತೋರಿಸುವ ಪ್ರವಾಸಕ್ಕೆ ಹೆಸರು ಬರೆಸಲಿ, ಅದಕ್ಕೆ ಸದಸ್ಯತ್ವ ಬೇಕಿಲ್ಲ. ಮರ್ಸಿ ನದಿಯ ಆಚೆ ಬರ್ಕನ್‌ಹೆಡ್‌ನಲ್ಲಿ ಟ್ರಾನ್‌ಮಿಯರ್ ರೋವರ್ಸ್ ತಂಡದ ಪ್ರೆಂಟನ್ ಪಾರ್ಕ್ ಇದೆ. ಆ ವಾರ ಅಲ್ಲಿ ತವರು ಪಂದ್ಯವಿದ್ದರೆ ಇಂಥ ಪೈಪೋಟಿಯಿಲ್ಲದೆ ಟಿಕೆಟ್ ಸಿಗುತ್ತದೆ. ಇಂದು ರಾತ್ರಿ ಹುಡುಗ ನನಗೆ ಕರೆ ಮಾಡಲಿ, ಹಾಸ್ಪಿಟಾಲಿಟಿ ಪುಟವನ್ನು ಇಬ್ಬರೂ ಒಟ್ಟಿಗೆ ನೋಡುತ್ತೇವೆ. ಹನ್ನೊಂದರವರೆಗೆ ಎದ್ದಿರುತ್ತೇನೆ.