ಡಿಸಾಲ್ಟರ್‌ನಲ್ಲಿ ಕರೆಂಟ್ ಏರುತ್ತಿದೆ, ವೋಲ್ಟೇಜ್ ಕುಸಿಯುತ್ತಿದೆ

ರಾತ್ರಿಪಾಳಿ:
ಮೂರು ದಿನಗಳಿಂದ ನಮ್ಮ ಡಿಸಾಲ್ಟರ್ (ಕಚ್ಚಾ ತೈಲವನ್ನು ನೀರಿನಿಂದ ತೊಳೆದು, ವಿದ್ಯುತ್ ಕ್ಷೇತ್ರದಲ್ಲಿ ಉಪ್ಪುನೀರನ್ನು ಬೇರ್ಪಡಿಸುವ ಪಾತ್ರೆ) ಹದಕ್ಕೆ ಬರುತ್ತಿಲ್ಲ. ಟ್ರಾನ್ಸ್‌ಫಾರ್ಮರ್ ಕರೆಂಟ್ ಏರಿ, ವೋಲ್ಟೇಜ್ ಅರ್ಧಕ್ಕೆ ಇಳಿದಿದೆ. ಹೊರಬರುವ ಕಚ್ಚಾ ತೈಲದಲ್ಲಿ ಸಾವಿರ ಬ್ಯಾರೆಲ್‌ಗೆ 1 ಪೌಂಡ್ ಮೀರಬಾರದ ಉಪ್ಪು 4ಕ್ಕೆ ಮುಟ್ಟಿದೆ. ತಳದಿಂದ ಬರುವ ನೀರು ಕಂದು ಬಣ್ಣಕ್ಕೆ ತಿರುಗಿದೆ. ತಾಪಮಾನ 128 ಡಿಗ್ರಿ, ತೊಳೆಯುವ ನೀರು ಶೇ. 5. ಚೆನ್ನಾಗಿ ಬೆರೆಯಲೆಂದು ಮಿಕ್ಸಿಂಗ್ ವಾಲ್ವ್‌ನ ಒತ್ತಡ ವ್ಯತ್ಯಾಸವನ್ನು 0.7ರಿಂದ 1.4 ಬಾರ್‌ಗೆ ಏರಿಸಿದೆ. ಪರಿಸ್ಥಿತಿ ಇನ್ನೂ ಕೆಟ್ಟಿತು. ಟ್ರಾನ್ಸ್‌ಫಾರ್ಮರ್ ಬದಲಿಸಬೇಕೇ?

ನಿವೃತ್ತ ಇಂಜಿನಿಯರ್:
ಈಗಲೇ ಬೇಡ. ನೀವು ಹೇಳುವ ಲಕ್ಷಣ ನೋಡಿದರೆ ಅದು ಸರಿಯಾಗಿಯೇ ನಡೆಯುತ್ತಿದೆ. ಎಲೆಕ್ಟ್ರೋಡ್‌ಗಳ ಬಳಿಗೆ ಉಪ್ಪುನೀರಿನ ಎಮಲ್ಷನ್ (ಹನಿಹನಿಯಾಗಿ ಬೆರೆತು ಬೇರ್ಪಡದ ತೈಲ-ನೀರು) ಏರಿ ಬಂದಾಗ ವಿದ್ಯುತ್ತಿಗೆ ದಾರಿಯಾಗುತ್ತದೆ. ಕರೆಂಟ್ ಮಿತಿಮೀರದಂತೆ ಟ್ರಾನ್ಸ್‌ಫಾರ್ಮರ್ ಜೊತೆಗಿನ ರಿಯಾಕ್ಟರ್ (ಕರೆಂಟ್ ತಡೆಯುವ ಸುರುಳಿ) ವೋಲ್ಟೇಜನ್ನು ಇಳಿಸುತ್ತದೆ.

ವಾಲ್ವ್ ಬಿಗಿಮಾಡಿದ್ದೇ ನಿಮಗೆ ಮುಳುವಾಯಿತು. ವಿದ್ಯುತ್ ಕ್ಷೇತ್ರದಲ್ಲಿ ಪ್ರತಿ ನೀರಹನಿಯ ಒಂದು ತುದಿ ಧನ, ಇನ್ನೊಂದು ತುದಿ ಋಣವಾಗುತ್ತದೆ. ಅಕ್ಕಪಕ್ಕದ ಹನಿಗಳು ಸೆಳೆದುಕೊಂಡು ಒಂದಾಗುತ್ತವೆ. ಈ ವಿಧಾನಕ್ಕೆ ರಸಾಯನಶಾಸ್ತ್ರಜ್ಞ ಕಾಟ್ರೆಲ್ 1911ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಕಾಲದಿಂದಲೂ ತಿರುಳು ಇದೇ. ಆದರೆ ಹನಿಯ ತ್ರಿಜ್ಯ ಅರ್ಧವಾದರೆ, ಅಂತರ ಅಷ್ಟೇ ಇದ್ದಾಗ, ಈ ಸೆಳೆತ 64ರಲ್ಲಿ ಒಂದು ಪಾಲಿಗೆ ಬೀಳುತ್ತದೆ. ತಳಕ್ಕಿಳಿಯುವ ವೇಗವೂ ನಾಲ್ಕರಲ್ಲೊಂದು ಪಾಲಾಗುತ್ತದೆ. ನೀವು ಹನಿಗಳನ್ನು ಅರೆದು ನುಣ್ಣಗೆ ಮಾಡಿದ್ದೀರಿ.

ಒಳಗಿನ ನೀರಿನ ಮಟ್ಟ ತೋರಿಸುವ ಮೀಟರನ್ನೇ ನಂಬಿ ಕೂರಬೇಡಿ. ಮಾದರಿ ನಲ್ಲಿಗಳಿಂದ ಮೇಲಿಂದ ಕೆಳಗಿನವರೆಗೆ ಒಂದೊಂದು ಬಾಟಲಿ ತೆಗೆದು ನೋಡಿ. ಸ್ಲಾಪ್ ತೈಲ (ಘಟಕಗಳಿಂದ ಮರಳಿ ಸಂಗ್ರಹಿಸಿದ ಕೊಳಕು ತೈಲ) ಬೆರೆಸಿದ್ದೀರಾ? ತೊಳೆಯುವ ನೀರಿನ ಪಿಎಚ್ ಎಷ್ಟು?

ರಾತ್ರಿಪಾಳಿ:
ನಡುವಿನ ಎರಡು ನಲ್ಲಿಗಳಲ್ಲಿ ಚಾಕೊಲೇಟ್‌ನಂತಹ ದಪ್ಪ ಎಮಲ್ಷನ್ ಬಂತು. ನಾಲ್ಕು ದಿನಗಳ ಹಿಂದೆ ಸ್ಲಾಪ್ ಬೆರೆಸಲು ಆರಂಭಿಸಿದ್ದೆವು. ಪಿಎಚ್ 9.2.

ನಿವೃತ್ತ ಇಂಜಿನಿಯರ್:
ಕಳ್ಳ ಸಿಕ್ಕಿದ. ಸ್ಲಾಪ್‌ನಲ್ಲಿರುವ ಐರನ್ ಸಲ್ಫೈಡ್ ಮತ್ತು ಸಣ್ಣ ಕಣಗಳು ಹನಿಗಳಿಗೆ ಕವಚವಾಗುತ್ತವೆ. ಜೊತೆಗೆ ಪಿಎಚ್ ಇಷ್ಟು ಏರಿದ, ಅಮೋನಿಯಾ ಉಳಿದ ನೀರು ತೈಲದ ನ್ಯಾಫ್ತೆನಿಕ್ ಆಮ್ಲಗಳನ್ನು ಸಾಬೂನಾಗಿಸುತ್ತದೆ. ಸ್ಲಾಪ್ ನಿಲ್ಲಿಸಿ, ವಾಲ್ವ್ 0.6ಕ್ಕೆ ತನ್ನಿ, ಪಿಎಚ್ 8ರ ಕೆಳಗಿಡಿ, ಡಿಮಲ್ಸಿಫೈಯರ್ (ಎಮಲ್ಷನ್ ಒಡೆಯುವ ರಾಸಾಯನಿಕ) ಸ್ವಲ್ಪಸ್ವಲ್ಪವೇ ಏರಿಸಿ. ನೀರಿನ ಮಟ್ಟವನ್ನು ನಿಧಾನವಾಗಿ ಇಳಿಸಿ. ಅವಸರಪಟ್ಟರೆ ಎಣ್ಣೆ ನೀರಿನೊಡನೆ ಕೊಚ್ಚಿಹೋಗುತ್ತದೆ. ಅಷ್ಟರಲ್ಲಿ ಮುಂದಿನ ಬಟ್ಟಿ ಇಳಿಸುವ ಕಾಲಮ್‌ನ ಮೇಲ್ತುದಿಯ ಕ್ಲೋರೈಡನ್ನು ಪ್ರತಿ ಪಾಳಿಯಲ್ಲೂ ಅಳೆಯಿರಿ. ಉಳಿದ ಮೆಗ್ನೀಸಿಯಂ ಕ್ಲೋರೈಡ್ ಬಿಸಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಾಗಿ ಅಲ್ಲಿನ ಕೊಳವೆಗಳನ್ನು ತಿನ್ನುತ್ತದೆ.

ರಾತ್ರಿಪಾಳಿ:
ಮೂವತ್ತು ಗಂಟೆಗಳ ನಂತರ ವೋಲ್ಟೇಜ್ ಮೊದಲಿನಂತಾಗಿದೆ, ಉಪ್ಪು 1.1. ತುಂಬಾ ಉಪಕಾರವಾಯಿತು. ಹೊರತೆಗೆದ ಎಮಲ್ಷನ್ ಸ್ಲಾಪ್ ಟ್ಯಾಂಕಿನಲ್ಲಿದೆ.

ನಿವೃತ್ತ ಇಂಜಿನಿಯರ್:
ದಯವಿಟ್ಟು ಅದನ್ನು ಬೇರೆ ಟ್ಯಾಂಕಿಗೆ ತೆಗೆದು, ಬಿಸಿಮಾಡಿ, ಕಣಗಳನ್ನು ಬೇರ್ಪಡಿಸುವವರೆಗೆ ಡಿಸಾಲ್ಟರ್‌ಗೆ ಮರಳಿಸಬೇಡಿ.