ಬಸುರಿಯರು ಯೋಗ ಮಾಡಬಹುದಾ? ಡಾಕ್ಟರ್ ಹೂಂ ಅಂದ್ರು, ಅತ್ತೆ ಒಪ್ತಿಲ್ಲ

ಮೊದಲ ಬಸಿರು, ದಾವಣಗೆರೆ: ನನಗೀಗ 20 ವಾರ. ಸ್ಕ್ಯಾನಲ್ಲಿ ಎಲ್ಲಾ ಸರಿ ಇದೆ, ಯೋಗ ಮಾಡಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಅತ್ತೆ ಮಾತ್ರ ‘ಬಗ್ಗಿ ಎದ್ದು ಮಾಡಬೇಡ, ಕೂಸಿನ ಕೊರಳಿಗೆ ಬಳ್ಳಿ ಸುತ್ತಿಕೊಳ್ಳುತ್ತೆ’ ಅಂತಾರೆ. ಏನು ಮಾಡ್ಲಿ?

ಶಿರಸಿ ಅಕ್ಕ: ಧೈರ್ಯವಾಗಿ ಮಾಡು ತಂಗಿ. ನಮ್ಮಜ್ಜಿ ದಿನ ತುಂಬೋವರೆಗೂ ಕೊಟ್ಟಿಗೆ ಕೆಲಸ ಮಾಡಿ ಎಂಟು ಹೆತ್ತವಳು. ನನಗೆ ನಾರ್ಮಲ್ ಆಗಿದ್ದೂ ಯೋಗದಿಂದಲೇ.

ಹೆರಿಗೆ ವಾರ್ಡಿನ ನರ್ಸ್: ಬಳ್ಳಿ ಸುತ್ತೋದು ಮಗು ಒಳಗೆ ತಿರುಗಾಡೋದರಿಂದ, ತಾಯಿ ಬಗ್ಗಿದ್ದಕ್ಕಲ್ಲ. ಆದರೆ ಅಕ್ಕಾ, ಅಜ್ಜಿ ಕಾಲದ ಮಾತು ಬೇಡ, ಆಗ ಹೆರಿಗೆಯಲ್ಲೇ ತೀರಿಕೊಂಡವರೂ ಬಹಳ. ಯೋಗ ಮಾಡಿಯೂ ಸಿಸೇರಿಯನ್ ಆದವರನ್ನ ನೋಡ್ತಾನೇ ಇರ್ತೀನಿ. ‘ನಾನೇ ಸರಿಯಾಗಿ ಮಾಡಲಿಲ್ವೇನೋ ಸಿಸ್ಟರ್’ ಅಂತ ಹೊಲಿಗೆ ನೋವಲ್ಲೇ ಅಳ್ತಾರೆ. ಹೊಟ್ಟೆ ಚುರ್ ಅನ್ನುತ್ತೆ.

ಯೋಗ ಶಿಕ್ಷಕ, ಮೈಸೂರು: ಪುರಾವೆಯೇ ಇಲ್ಲ ಅನ್ನಬೇಡಿ. ಬೆಂಗಳೂರಿನ ಯೋಗ ವಿಶ್ವವಿದ್ಯಾಲಯ ಎಸ್-ವ್ಯಾಸದವರು 335 ಗರ್ಭಿಣಿಯರ ಮೇಲೆ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಗಿದೆ. 169 ಜನಕ್ಕೆ ದಿನಾ ಒಂದು ಗಂಟೆ ಯೋಗ, 166 ಜನಕ್ಕೆ ದಿನಕ್ಕೆರಡು ಸಲ ಅರ್ಧರ್ಧ ಗಂಟೆ ನಡಿಗೆ. ಎರಡೂವರೆ ಕೆಜಿ ಮುಟ್ಟಿದ ಮಕ್ಕಳು ಯೋಗದ ಗುಂಪಲ್ಲೇ ಜಾಸ್ತಿ, ದಿನ ತುಂಬುವ ಮುಂಚಿನ ಹೆರಿಗೆಯೂ ಕಡಿಮೆ.

ಹೆರಿಗೆ ವಾರ್ಡಿನ ನರ್ಸ್: ಗೊತ್ತು ಸರ್. ಆದರೆ ಯಾರಿಗೆ ಯೋಗ, ಯಾರಿಗೆ ನಡಿಗೆ ಅಂತ ಚೀಟಿ ಎತ್ತಿ ಹಂಚಿದ ಗುಂಪುಗಳಲ್ಲ ಅವು. ಎಲ್ಲಾ ಯೋಗದಿಂದಲೇ ಆಯ್ತು ಅನ್ನೋಕಾಗಲ್ಲ. ನಾನು ಮಾಡಬೇಡಿ ಅಂತಿಲ್ಲ, ನಾರ್ಮಲ್ ಆಗೇ ಆಗುತ್ತೆ ಅಂತ ಆಸೆ ಹುಟ್ಟಿಸಬೇಡಿ ಅಂತಿದ್ದೀನಿ.

ಏಳು ತಿಂಗಳಲ್ಲಿ ಭಯಪಟ್ಟವಳು: ನನಗೆ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇತ್ತು. ನಾನು ಸೇರಿದ್ದ ಕ್ಲಾಸಲ್ಲಿ ಒಬ್ಬರೂ ಕೇಳಲಿಲ್ಲ. ಕುಕ್ಕರಗಾಲಲ್ಲಿ ಕೂರಿಸಿ ‘ಇನ್ನೂ ಹತ್ತು ಎಣಿಸಿ’ ಅಂದ್ರು. ಆಟೋದಲ್ಲಿ ಬರುವಾಗ ಚೂಡಿದಾರ ಒದ್ದೆಯಾಯ್ತು, ನೋಡಿದ್ರೆ ರಕ್ತ. ಹನ್ನೊಂದು ದಿನ ಆಸ್ಪತ್ರೆ. ಮಗಳು ಚೆನ್ನಾಗಿದ್ದಾಳೆ, ಆದರೆ ಆ ಸಂಜೆ ಮರೆಯೋಕಾಗಲ್ಲ.

ಯೋಗ ಶಿಕ್ಷಕ, ಮೈಸೂರು: ಓದಿ ಸಂಕಟ ಆಯ್ತಮ್ಮ. ತಪ್ಪು ಕಲಿಸುವವರದ್ದೇ. ತಾಯಿ ಕಾರ್ಡ್, ಸ್ಕ್ಯಾನ್ ನೋಡದೆ ಯಾರನ್ನೂ ಚಾಪೆ ಮೇಲೆ ಕೂರಿಸಬಾರದು. ಮಾಸು ಅಡ್ಡ ಇದ್ದವರು, ರಕ್ತ ಕಂಡವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಬಿಪಿ ಏರಿದವರು ಆಸನದ ಗೋಜಿಗೇ ಹೋಗಬಾರದು. ದಾವಣಗೆರೆ ತಂಗಿ, ನಿಮಗೆ ನೆಟ್ಟಗೆ ನಿಲ್ಲುವ ತಾಡಾಸನ, ಬೆಕ್ಕಿನಂತೆ ಕೈ ಮೊಣಕಾಲೂರಿ ಮಾಡುವ ಮಾರ್ಜಾಲಾಸನ, ಅಂಗಾಲು ಜೋಡಿಸಿ ಕೂರುವ ಬದ್ಧಕೋಣಾಸನ ಸಾಕು. ರಭಸವಾಗಿ ಉಸಿರು ಬಿಡುವ ಕಪಾಲಭಾತಿ, ಉಸಿರು ಕಟ್ಟುವ ಕುಂಭಕ ಬೇಡವೇ ಬೇಡ. ಶವಾಸನವನ್ನೂ ಅಂಗಾತ ಮಾಡಬೇಡಿ. ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳದ ಮೇಲೆ ಬಿದ್ದು ತಲೆ ಸುತ್ತಬಹುದು. ಎಡಮಗ್ಗುಲಿಗೆ ಮಲಗಿ, ಮೊಣಕಾಲ ನಡುವೆ ದಿಂಬು ಇಟ್ಟುಕೊಳ್ಳಿ.

ಶಿರಸಿ ಅಕ್ಕ: ಅಜ್ಜಿ ವಿಷಯ ಎತ್ತಿದ್ದು ಹೆದರಿಕೆ ಹೋಗಲಿ ಅಂತ. ನಾರ್ಮಲ್ ಆಗಿದ್ದು ಯೋಗದಿಂದಲೇ ಅಂದಿದ್ದು ಹೆಚ್ಚಾಯ್ತು, ಒಪ್ತೀನಿ. ಆದರೆ ಸೊಂಟನೋವು ಇಳಿದು ರಾತ್ರಿ ನಿದ್ದೆ ಬಂದಿದ್ದು ನನ್ನ ಮೈಯೇ ಕಂಡ ಸತ್ಯ.

ಮೊದಲ ಬಸಿರು, ದಾವಣಗೆರೆ: ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ತಪಾಸಣೆಗೆ ಅತ್ತೇನೂ ಕರ್ಕೊಂಡು ಹೋಗ್ತೀನಿ, ಬಳ್ಳಿ ವಿಷಯ ಡಾಕ್ಟರ್ ಬಾಯಿಂದಲೇ ಕೇಳಲಿ. ಅಲ್ಲಿವರೆಗೆ ಎಡಮಗ್ಗುಲು. ನಿನ್ನೆ ರಾತ್ರಿ ದಿಂಬು ತಂದುಕೊಟ್ಟಿದ್ದು ಅವರೇ.